ನದಿ ಮತ್ತು ಅಂತರ್ಜಲದ ಮಾಡೆಲ್: ಯಾವ ಪ್ರಶ್ನೆಗೆ ಯಾವುದನ್ನು ಆರಿಸಬೇಕು?

ನದಿಯ ಪಕ್ಕ ಬೋರ್‌ವೆಲ್ ಹಾಕಿ ನೀರೆತ್ತಿದರೆ ಆ ನೀರು ಎಲ್ಲಿಂದ ಬರುತ್ತದೆ? ಮೊದಮೊದಲು ನೆಲದೊಳಗೆ ತುಂಬಿಕೊಂಡಿದ್ದ ನೀರು ಬರುತ್ತದೆ. ದಿನ ಕಳೆದ ಹಾಗೆ ನದಿಯ ಪಾಲು ಹೆಚ್ಚುತ್ತಾ ಹೋಗುತ್ತದೆ. ಒಂದೋ ನದಿಗೆ ಹೋಗಿ ಸೇರಬೇಕಿದ್ದ ಅಂತರ್ಜಲವನ್ನು ದಾರಿಯಲ್ಲೇ ತಡೆದು ಎತ್ತುತ್ತೀರಿ, ಇಲ್ಲವೇ ನದಿಯ ನೀರೇ ತಳದಿಂದ ಇಳಿದು ಬೋರ್‌ವೆಲ್ ಕಡೆ ಹರಿಯುತ್ತದೆ. ಥೈಸ್ ಎಂಬ ವಿಜ್ಞಾನಿ ಇದನ್ನು 1940ರಲ್ಲೇ ಬಿಡಿಸಿ ಹೇಳಿದ್ದಾರೆ. ಆದರೂ ಎಷ್ಟೋ ಕಡೆ ನದಿಯ ಲೆಕ್ಕ ಒಂದು ಇಲಾಖೆಯಲ್ಲಿ, ಅಂತರ್ಜಲದ ಲೆಕ್ಕ ಇನ್ನೊಂದರಲ್ಲಿ. ಹೀಗಾದಾಗ ಒಂದೇ ನೀರನ್ನು ಎರಡು ಸಲ ಹಂಚಿಬಿಡುತ್ತಾರೆ. ಅದು ಬೇಸಿಗೆಯಲ್ಲಿ ನದಿ ಒಣಗಿದಾಗಲೇ ಗೊತ್ತಾಗುವುದು.

ಎರಡನ್ನೂ ಒಂದೇ ಲೆಕ್ಕಕ್ಕೆ ತರಲು ಕಂಪ್ಯೂಟರ್ ಮಾಡೆಲ್ ಬೇಕು. ಆದರೆ ಯಾವುದು? ಒಂದು ಸೂತ್ರದಲ್ಲಿ ಮುಗಿಯುವ ಲೆಕ್ಕದಿಂದ ಹಿಡಿದು ದಿನಗಟ್ಟಲೆ ಓಡುವ ಮೂರು ಆಯಾಮದ ಮಾಡೆಲ್‌ವರೆಗೆ ಸಾಲು ಉದ್ದ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎರಡು ವಿಷಯ ಮುಖ್ಯ. ಒಂದು, ಮಾಡೆಲ್‌ನ ಒಳಗಿರುವ ನದಿ ಬತ್ತಬಲ್ಲದಾ? ಎರಡು, ನದಿಗೂ ನೆಲಕ್ಕೂ ನಡುವೆ ಎಷ್ಟು ನೀರು ಓಡಾಡುತ್ತಿದೆ ಅಂತ ನೀವು ಒಂದು ಸಲವಾದರೂ ಅಳೆದಿದ್ದೀರಾ? ಈ ಎರಡಕ್ಕೆ ಉತ್ತರ ಇಲ್ಲದೆ ದುಬಾರಿ ಮಾಡೆಲ್ ತಂದರೂ ಪ್ರಯೋಜನವಿಲ್ಲ.

ಮೊದಲು ಪ್ರಶ್ನೆ, ಆಮೇಲೆ ಸಾಫ್ಟ್‌ವೇರ್

"ಈ ಒಂದು ಬಾವಿಗೆ ಅನುಮತಿ ಕೊಡಬಹುದಾ?" ಎಂಬುದು ಒಂದು ಪ್ರಶ್ನೆ. "ನದಿಯ ಹರಿವು ಇಷ್ಟಕ್ಕಿಂತ ಕೆಳಗೆ ಹೋಗದಂತೆ ಇಡೀ ಕಣಿವೆಯಲ್ಲಿ ಎಷ್ಟು ನೀರೆತ್ತಬಹುದು?" ಎಂಬುದು ಬೇರೆಯೇ ಪ್ರಶ್ನೆ. "ಬೆಳೆ ಬದಲಾಗಿ ಮಳೆಯೂ ಕಡಿಮೆಯಾದರೆ ಮೂವತ್ತು ವರ್ಷದಲ್ಲಿ ಏನಾಗುತ್ತದೆ?" ಅಂದರೆ ಇನ್ನೂ ಬೇರೆ. ಮೂರಕ್ಕೂ ಒಂದೇ ಮಾಡೆಲ್ ಸಾಕು ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆದು ಯೋಚಿಸಿ.

ನಿಮ್ಮ ನದಿ ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಅಂತರ್ಜಲದ ಮಟ್ಟ ನದಿಯ ನೀರಿಗಿಂತ ಮೇಲಿದ್ದರೆ ನೆಲವೇ ನದಿಗೆ ನೀರು ಕೊಡುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಹರಿಯುವ ನದಿ ಬದುಕಿರುವುದು ಹೆಚ್ಚಾಗಿ ಹೀಗೆಯೇ. ಮಟ್ಟ ಕೆಳಗಿದ್ದರೆ ನದಿಯೇ ನೆಲಕ್ಕೆ ನೀರು ಬಿಡುತ್ತದೆ. ಮೂರನೆಯದೂ ಒಂದಿದೆ. ಅಂತರ್ಜಲ ತುಂಬಾ ಆಳಕ್ಕೆ ಇಳಿದು ನದಿಯ ತಳಕ್ಕೂ ಅದಕ್ಕೂ ನಡುವೆ ಒಣ ಮಣ್ಣಿನ ಪದರ ಬಂದುಬಿಟ್ಟಿರುತ್ತದೆ. ಈ ಹಂತ ಮುಟ್ಟಿದ ಮೇಲೆ ಇನ್ನೂ ಎಷ್ಟು ಪಂಪ್ ಮಾಡಿದರೂ ಆ ಜಾಗದಲ್ಲಿ ನದಿಯಿಂದ ಇಂಗುವ ನೀರು ಹೆಚ್ಚಾಗುವುದಿಲ್ಲ. ಒಂದೇ ನದಿ ಮೇಲ್ಭಾಗದಲ್ಲಿ ಮೊದಲ ಸ್ಥಿತಿಯಲ್ಲೂ ಕೆಳಭಾಗದಲ್ಲಿ ಮೂರನೆಯದರಲ್ಲೂ ಇರಬಹುದು, ಮಳೆಗಾಲಕ್ಕೂ ಬೇಸಿಗೆಗೂ ಅದಲುಬದಲಾಗಲೂಬಹುದು.

ಒಂದು ಬಾವಿ, ಒಂದು ನದಿ: ಸೂತ್ರವೇ ಸಾಕು

ಒಂದೇ ಬಾವಿಯ ಪ್ರಶ್ನೆಯಾಗಿದ್ದರೆ ದೊಡ್ಡ ಮಾಡೆಲ್ ಕಡೆ ಹೋಗುವ ಮೊದಲು 1954ರ ಗ್ಲೋವರ್–ಬಾಲ್ಮರ್ ಸೂತ್ರ ಹಾಕಿ ನೋಡಿ. ಸ್ಪ್ರೆಡ್‌ಶೀಟ್‌ನಲ್ಲೇ ಆಗುತ್ತದೆ. ಬಾವಿಯಿಂದ ನದಿಗಿರುವ ದೂರ, ನೆಲದ ಪದರ ನೀರು ಹಿಡಿದಿಡುವ ಗುಣಾಂಕ, ನೀರನ್ನು ಸಾಗಿಸುವ ಸಾಮರ್ಥ್ಯ ಅಂದರೆ ಟ್ರಾನ್ಸ್‌ಮಿಸಿವಿಟಿ, ಇವಿಷ್ಟೇ ಬೇಕಾಗಿರುವುದು. ದೂರವನ್ನು ವರ್ಗ ಮಾಡಿ, ಗುಣಾಂಕದಿಂದ ಗುಣಿಸಿ, ಟ್ರಾನ್ಸ್‌ಮಿಸಿವಿಟಿಯಿಂದ ಭಾಗಿಸಿದರೆ ದಿನಗಳ ಲೆಕ್ಕದಲ್ಲಿ ಒಂದು ಸಂಖ್ಯೆ ಸಿಗುತ್ತದೆ. 1968ರಲ್ಲಿ ಜೆಂಕಿನ್ಸ್ ಇದನ್ನೇ ಅಳತೆಗೋಲು ಮಾಡಿಕೊಂಡರು. ಅಷ್ಟು ದಿನ ಬಿಡದೆ ಪಂಪ್ ಮಾಡಿದರೆ, ಆ ಹೊತ್ತಿಗೆ ಎತ್ತುತ್ತಿರುವ ನೀರಿನಲ್ಲಿ ಸುಮಾರು ಶೇ. 48ರಷ್ಟು ನದಿಯ ಪಾಲಾಗಿರುತ್ತದೆ. ಅಲ್ಲಿಯವರೆಗೆ ಎತ್ತಿದ ಒಟ್ಟು ನೀರಿನಲ್ಲಿ ನದಿಯದು ಸುಮಾರು ಶೇ. 28.

ಒಂದು ಲೆಕ್ಕ ಮಾಡಿಯೇ ನೋಡೋಣ. ನದಿಯಿಂದ 1 ಕಿಲೋಮೀಟರ್ ದೂರದ ಬಾವಿ, ಗುಣಾಂಕ 0.2, ಟ್ರಾನ್ಸ್‌ಮಿಸಿವಿಟಿ ದಿನಕ್ಕೆ 500 ಚದರ ಮೀಟರ್ ಅಂತಿಟ್ಟುಕೊಳ್ಳಿ. ಸಂಖ್ಯೆ 400 ದಿನ ಬರುತ್ತದೆ. ದಿನಕ್ಕೆ 1,000 ಘನ ಮೀಟರ್‌ನಂತೆ 100 ದಿನ ಎತ್ತಿ ನಿಲ್ಲಿಸಿ. ನಿಲ್ಲಿಸಿದ ದಿನ ನದಿಗೆ ಆಗುತ್ತಿರುವ ನಷ್ಟ ದಿನಕ್ಕೆ ಸುಮಾರು 157 ಘನ ಮೀಟರ್. ಪಂಪ್ ನಿಂತಿತು, ಇನ್ನು ಪರವಾಗಿಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ನಿಲ್ಲಿಸಿ 50 ದಿನ ಆದಾಗ ನಷ್ಟ 203ಕ್ಕೆ ಏರಿರುತ್ತದೆ! ನಿಲ್ಲಿಸಿ 100 ದಿನ ಆದರೂ 160ರ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ನದಿಯಲ್ಲಿ ನೀರು ಕಡಿಮೆಯಾದ ಮೇಲೆ ಬಾವಿ ಬಂದ್ ಮಾಡಿಸುವ ನಿಯಮ, ದೂರದ ಬಾವಿಗಳ ವಿಷಯದಲ್ಲಿ ಆ ವರ್ಷಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಇದೇ ಬಾವಿ ಅರ್ಧ ಕಿಲೋಮೀಟರ್‌ನಲ್ಲಿದ್ದರೆ ಸಂಖ್ಯೆ 400ರಿಂದ 100 ದಿನಕ್ಕೆ ಇಳಿಯುತ್ತದೆ. ದೂರ ಅರ್ಧವಾದರೆ ಸಮಯ ಕಾಲು ಭಾಗ. ನೀರಿನ ಹಂಚಿಕೆ ನೋಡಿಕೊಳ್ಳುವ ಪ್ರತಿಯೊಬ್ಬರೂ ಈ ಲೆಕ್ಕವನ್ನು ಒಂದು ಸಲ ಕೈಯಾರೆ ಮಾಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇದರ ಮಿತಿಗಳೂ ಸಣ್ಣವಲ್ಲ. ನದಿ ನೆಟ್ಟಗಿದೆ, ನೆಲದ ಪದರದ ಪೂರ್ತಿ ಆಳದವರೆಗೆ ಇಳಿದಿದೆ, ತಳದಲ್ಲಿ ಹೂಳಿಲ್ಲ, ನದಿಯಲ್ಲಿ ಯಾವಾಗಲೂ ನೀರಿದೆ ಅಂತ ಸೂತ್ರ ಅಂದುಕೊಳ್ಳುತ್ತದೆ. ಹೂಳು ಇದ್ದರೆ ಹಂಟುಶ್ ಅವರ 1965ರ ಸೂತ್ರ, ಸಣ್ಣ ನದಿಯಾಗಿದ್ದರೆ ಹಂಟ್ ಅವರ 1999ರ ಸೂತ್ರ ಜಾಸ್ತಿ ಹೊಂದುತ್ತದೆ. ಗಟ್ಟಿ ಬಂಡೆಯ ನೆಲದಲ್ಲಿ ಮಾತ್ರ ಇವು ಯಾವುದನ್ನೂ ಪೂರ್ತಿ ನಂಬಬೇಡಿ. ಅಲ್ಲಿ ನೀರು ಓಡುವುದು ಬಿರುಕುಗಳಲ್ಲಿ. ಒಂದೇ ಒಂದು ಬಿರುಕು ಬಾವಿಯನ್ನೂ ನದಿಯನ್ನೂ ಜೋಡಿಸಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಹತ್ತಾರು ಬಾವಿ, ಇಡೀ ಕಣಿವೆ: ಮಾಡ್‌ಫ್ಲೋ

ಬಾವಿಗಳ ಸಂಖ್ಯೆ ಹೆಚ್ಚಾದ ಕೂಡಲೇ ನೆಲವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದ ನೀರಿನ ಮಟ್ಟ ಲೆಕ್ಕ ಹಾಕುವ ಮಾಡೆಲ್ ಬೇಕಾಗುತ್ತದೆ. ಇಲ್ಲಿ ಮಾಡ್‌ಫ್ಲೋ ಎಲ್ಲರಿಗೂ ಗೊತ್ತಿರುವ ಹೆಸರು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1980ರ ದಶಕದಲ್ಲಿ ಹೊರತಂದದ್ದು. ಈಗಿನ ಮಾಡ್‌ಫ್ಲೋ 6 ಬಂದದ್ದು 2017ರಲ್ಲಿ. ಉಚಿತ, ಸೋರ್ಸ್ ಕೋಡ್ ಕೂಡ ಸಿಗುತ್ತದೆ. ಪೈಥಾನ್ ಬಲ್ಲವರಿಗೆ ಫ್ಲೋಪೈ ಇದೆ, ಪರದೆಯ ಮೇಲೆ ಚಿತ್ರ ಬಿಡಿಸಿ ಕೆಲಸ ಮಾಡುವವರಿಗೆ ಮಾಡೆಲ್‌ಮ್ಯೂಸ್ ಇದೆ.

ಮಾಡ್‌ಫ್ಲೋ ಆರಿಸಿದರೆ ಆಯ್ಕೆ ಮುಗಿಯಿತು ಅಂತ ಬಹಳ ಜನ ತಿಳಿಯುತ್ತಾರೆ. ನಿಜವಾದ ಆಯ್ಕೆ ಶುರುವಾಗುವುದೇ ಅಲ್ಲಿಂದ. ನದಿಯನ್ನು ಅದರಲ್ಲಿ ಹಲವು ರೀತಿ ಕೂರಿಸಬಹುದು. ಹೆಚ್ಚು ಬಳಕೆಯಲ್ಲಿರುವುದು ಎರಡು: ಆರ್‌ಐವಿ (ರಿವರ್) ಮತ್ತು ಎಸ್‌ಎಫ್‌ಆರ್ (ಸ್ಟ್ರೀಮ್‌ಫ್ಲೋ ರೂಟಿಂಗ್) ಎಂಬ ಭಾಗಗಳು.

ಆರ್‌ಐವಿ ಸರಳ. ನದಿಯ ಮಟ್ಟ ನೀವೇ ಕೊಡುತ್ತೀರಿ. ತಳದ ಮಟ್ಟವನ್ನೂ, ತಳದ ಮೂಲಕ ನೀರು ಎಷ್ಟು ಸಲೀಸಾಗಿ ಸಾಗುತ್ತದೆ ಅಂತ ಹೇಳುವ ಕಂಡಕ್ಟೆನ್ಸ್ ಎಂಬ ಒಂದು ಸಂಖ್ಯೆಯನ್ನೂ ಕೊಡುತ್ತೀರಿ. ನದಿಗೂ ಅಂತರ್ಜಲಕ್ಕೂ ಇರುವ ಮಟ್ಟದ ವ್ಯತ್ಯಾಸವನ್ನು ಕಂಡಕ್ಟೆನ್ಸ್‌ನಿಂದ ಗುಣಿಸಿದರೆ ಇಂಗುವ ನೀರು. ಉದಾಹರಣೆಗೆ ಒಂದು ಚೌಕದಲ್ಲಿ ನದಿಯ ಉದ್ದ 100 ಮೀಟರ್, ಅಗಲ 20 ಮೀಟರ್, ತಳದ ಹೂಳು ಅರ್ಧ ಮೀಟರ್ ದಪ್ಪ, ಆ ಹೂಳಿನಲ್ಲಿ ನೀರು ಸಾಗುವ ಗುಣಾಂಕ ದಿನಕ್ಕೆ 0.1 ಮೀಟರ್ ಇದ್ದರೆ, ಕಂಡಕ್ಟೆನ್ಸ್ ದಿನಕ್ಕೆ 400 ಚದರ ಮೀಟರ್ ಆಗುತ್ತದೆ. ಮಟ್ಟದ ವ್ಯತ್ಯಾಸ ಅರ್ಧ ಮೀಟರ್ ಆದರೆ ದಿನಕ್ಕೆ 200 ಘನ ಮೀಟರ್ ಇಂಗುತ್ತದೆ. ಅಂತರ್ಜಲ ತಳಕ್ಕಿಂತ ಕೆಳಗಿಳಿದರೆ ಇಂಗುವಿಕೆ ಅಲ್ಲಿಂದಾಚೆ ಹೆಚ್ಚಾಗದ ಮಿತಿಯೂ ಇದೆ. ಹಾಗಾಗಿ ನಾನು ಮೇಲೆ ಹೇಳಿದ ಮೂರನೇ ಸ್ಥಿತಿ ಕೂಡ ಒಂದು ಮಟ್ಟಿಗೆ ಇದರಲ್ಲಿ ಬರುತ್ತದೆ.

ತೊಂದರೆ ಏನು ಅಂದರೆ, ಆರ್‌ಐವಿಗೆ ನದಿಯಲ್ಲಿ ಎಷ್ಟು ನೀರಿದೆ ಅನ್ನುವುದೇ ಗೊತ್ತಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 5,000 ಘನ ಮೀಟರ್ ಮಾತ್ರ ಹರಿಯುವ ನದಿಯಿಂದ 12,000 ಘನ ಮೀಟರ್ ಇಂಗಿತು ಅಂತ ಅದು ಲೆಕ್ಕ ತೋರಿಸುತ್ತದೆ, ಎಲ್ಲೂ ಎಚ್ಚರಿಕೆ ಬರುವುದಿಲ್ಲ. ಇಲ್ಲದ ನೀರು ನೆಲಕ್ಕೆ ಇಳಿದದ್ದರಿಂದ ಬಾವಿಗಳ ಮಟ್ಟ ಚೆನ್ನಾಗಿಯೇ ಕಾಣುತ್ತದೆ, ಇನ್ನಷ್ಟು ಪಂಪ್ ಮಾಡಬಹುದು ಎಂಬ ತೀರ್ಮಾನ ಬರುತ್ತದೆ, ಆ ತೀರ್ಮಾನದ ಮೇಲೆ ಅನುಮತಿಗಳೂ ಸಿಕ್ಕಿಬಿಡುತ್ತವೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ನಷ್ಟ ಮಾತ್ರ ನದಿಗೆ.

ಎಸ್‌ಎಫ್‌ಆರ್ ಹಾಗಲ್ಲ. ಮೇಲಿನಿಂದ ಬಂದ ನೀರನ್ನು ತುಂಡು ತುಂಡಾಗಿ ಕೆಳಕ್ಕೆ ಸಾಗಿಸುತ್ತಾ, ಪ್ರತಿ ತುಂಡಿನಲ್ಲಿ ಇಂಗಿದ್ದು, ಒರತೆಯಾಗಿ ಬಂದದ್ದು, ಕಾಲುವೆಗೆ ತಿರುಗಿಸಿದ್ದು ಎಲ್ಲವನ್ನೂ ಕೂಡಿ ಕಳೆಯುತ್ತದೆ. ಇದ್ದದ್ದಕ್ಕಿಂತ ಜಾಸ್ತಿ ಇಂಗಲು ಬಿಡುವುದಿಲ್ಲ. ನದಿ ಬತ್ತಿದರೆ ಬತ್ತಿತು ಅಂತಲೇ ತೋರಿಸುತ್ತದೆ. ಕೆಲಸ ಜಾಸ್ತಿ, ನಿಜ. ತಳದ ಇಳಿಜಾರು ಬೇಕು, ಅಗಲ ಬೇಕು, ತುಂಡುಗಳ ಜೋಡಣೆ ಸರಿಯಿರಬೇಕು, ಒಂದು ತುಂಡಿನ ತಳದ ಮಟ್ಟ ತಪ್ಪಾದರೂ ಮಾಡೆಲ್ ಓಡದೆ ಸತಾಯಿಸುತ್ತದೆ. ಆದರೂ ನಿರ್ವಹಣೆಯ ತೀರ್ಮಾನಕ್ಕೆ ಮಾಡೆಲ್ ಮಾಡುವುದಾದರೆ ಎಸ್‌ಎಫ್‌ಆರ್ ಬಳಸಿ. ವರ್ಷವಿಡೀ ತುಂಬಿ ಹರಿಯುವ ದೊಡ್ಡ ನದಿ, ಅದರ ಎದುರು ಪಂಪಿಂಗ್ ಏನೇನೂ ಅಲ್ಲ ಅನ್ನುವಂತಿದ್ದರೆ ಮಾತ್ರ ಆರ್‌ಐವಿ ಸಾಕು.

ಚೌಕದ ಗಾತ್ರದ ಬಗ್ಗೆಯೂ ಒಂದು ಮಾತು. ಒಂದು ಕಿಲೋಮೀಟರ್ ಚೌಕದಲ್ಲಿ 20 ಮೀಟರ್ ಅಗಲದ ನದಿ ಕೂರಿಸಿದರೆ, ನದಿಯ ದಡದ ನೀರಿನ ಮಟ್ಟವೂ ಅರ್ಧ ಕಿಲೋಮೀಟರ್ ಆಚೆಯ ಮಟ್ಟವೂ ಒಂದೇ ಸಂಖ್ಯೆಯಾಗಿಬಿಡುತ್ತದೆ. ಆಗ ಕಂಡಕ್ಟೆನ್ಸ್ ಅನ್ನುವುದು ಹೂಳಿನ ಗುಣವಾಗಿ ಉಳಿಯುವುದಿಲ್ಲ, ಮಾಡೆಲ್ ಹೊಂದಿಸಲು ತಿರುಗಿಸುವ ಒಂದು ಗುಂಡಿಯಾಗುತ್ತದೆ. ಮಾಡ್‌ಫ್ಲೋ 6ರಲ್ಲಿ ನದಿಯ ಹತ್ತಿರ ಮಾತ್ರ ಚೌಕಗಳನ್ನು ಸಣ್ಣದು ಮಾಡಬಹುದು. ಆ ಸೌಲಭ್ಯ ಖಂಡಿತ ಬಳಸಿ. ಫೀಫ್ಲೋ ಎಂಬ ಪರವಾನಗಿಯ ಸಾಫ್ಟ್‌ವೇರ್ ತ್ರಿಕೋನಗಳ ಜಾಲದಿಂದ ಇದೇ ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಇದಕ್ಕಾಗಿಯೇ ಹಣ ಕೊಡುವ ಅಗತ್ಯ ಈಗ ಕಡಿಮೆ.

ಮಳೆ, ಬೆಳೆ, ಮಣ್ಣು ಎಲ್ಲ ಸೇರಿದರೆ

ಮಾಡ್‌ಫ್ಲೋಗೆ ಮಳೆಯಿಂದ ಎಷ್ಟು ಇಂಗುತ್ತದೆ ಅಂತ ಸಾಮಾನ್ಯವಾಗಿ ನೀವೇ ಹೇಳಬೇಕು. ಬೆಳೆ ಬದಲಾದರೆ ಇಂಗುವುದು ಎಷ್ಟು ಬದಲಾಗುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ? ಸ್ವಾಟ್ ಎಂಬ ಮಾಡೆಲ್ ಕಡೆ ಕೈ ಹೋಗುವುದು ಸಹಜ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಕಟ್ಟಿದ್ದು, ಇದೂ ಉಚಿತ. ಮಣ್ಣು, ಬೆಳೆ, ಗೊಬ್ಬರ, ನೀರಾವರಿ, ಹರಿದು ಹೋಗುವ ನೀರು, ಇವೆಲ್ಲವನ್ನು ದಿನದಿನಕ್ಕೆ ಲೆಕ್ಕ ಹಾಕುವುದರಲ್ಲಿ ಇದು ಗಟ್ಟಿ.

ಅಂತರ್ಜಲದಲ್ಲಿ ಮಾತ್ರ ಸ್ವಾಟ್ ತೆಳು. ಅದಕ್ಕೆ ನೆಲದೊಳಗಿನ ನೀರು ಅಂದರೆ ತಳದಲ್ಲಿ ತೂತಿರುವ ಒಂದು ತೊಟ್ಟಿ. ಮೇಲಿಂದ ಇಂಗಿದ ನೀರು ತುಂಬುತ್ತದೆ, ತೂತಿನಿಂದ ನಿಧಾನಕ್ಕೆ ನದಿಗೆ ಸೋರುತ್ತದೆ. ಎಲ್ಲಿ ಎಷ್ಟು ಆಳದಲ್ಲಿ ನೀರಿದೆ ಎಂಬ ನಕ್ಷೆ ಅದರಿಂದ ಬರುವುದಿಲ್ಲ. ಪಂಪಿಂಗ್‌ನಿಂದ ಮಟ್ಟ ಕುಸಿದು, ನೆಲಕ್ಕೆ ನೀರು ಬಿಡಲು ನದಿ ಶುರುಮಾಡುವ ತಿರುವನ್ನು ಅದು ಹಿಡಿಯುವುದೇ ಇಲ್ಲ. ಸ್ವಾಟ್ ಒಂದನ್ನೇ ಇಟ್ಟುಕೊಂಡು ನದಿಯ ಮೇಲೆ ಬೋರ್‌ವೆಲ್‌ಗಳ ಪರಿಣಾಮ ಹೇಳುವ ವರದಿ ನೋಡಿದರೆ ನನಗೆ ಬೇಸರವಾಗುತ್ತದೆ. ಆ ಮಾಡೆಲ್ ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ಎರಡನ್ನೂ ಜೋಡಿಸಿದ ಸ್ವಾಟ್–ಮಾಡ್‌ಫ್ಲೋ ಇದೆ. ಸ್ವಾಟ್ ಪ್ಲಸ್ ಎಂಬ ಹೊಸ ರೂಪದಲ್ಲಿ ಚೌಕಗಳಿರುವ ಅಂತರ್ಜಲ ಭಾಗವೂ ಸೇರಿದೆ. ಇನ್ನೊಂದು ದಾರಿ ಜಿಎಸ್‌ಫ್ಲೋ. ಮಳೆ–ಹರಿವಿನ ಪಿಆರ್‌ಎಂಎಸ್ ಮಾಡೆಲನ್ನು ಮಾಡ್‌ಫ್ಲೋಗೆ ಜೋಡಿಸಿ 2008ರಲ್ಲಿ ಬಿಟ್ಟದ್ದು. ಹಿಮ ಕರಗುವ ಬೆಟ್ಟಗಳು, ಕಾಡು, ಸಹಜ ಜಲಾನಯನ ಪ್ರದೇಶಗಳಿಗೆ ಜಿಎಸ್‌ಫ್ಲೋ, ಹೊಲಗದ್ದೆ ಮತ್ತು ಗೊಬ್ಬರದ ನೈಟ್ರೇಟ್ ಪ್ರಶ್ನೆಯಿದ್ದರೆ ಸ್ವಾಟ್ ಕುಟುಂಬ. ನಾನು ಆರಿಸುವುದು ಹೀಗೆ. ನೀರಾವರಿಯೇ ಎಲ್ಲವನ್ನೂ ಆಳುವ ಬಯಲಾದರೆ ಕ್ಯಾಲಿಫೋರ್ನಿಯಾದ ಜಲ ಸಂಪನ್ಮೂಲ ಇಲಾಖೆಯ ಐಡಬ್ಲ್ಯುಎಫ್‌ಎಂ ಕೂಡ ನೋಡಿ. ಬೆಳೆಗೆ ಎಷ್ಟು ನೀರು ಬೇಕು, ಕಾಲುವೆಯಿಂದ ಬಂದದ್ದು ಸಾಲದಿದ್ದರೆ ಎಷ್ಟು ಪಂಪ್ ಮಾಡಿರಬೇಕು ಅಂತ ಅದೇ ಲೆಕ್ಕ ಹಾಕುತ್ತದೆ. ಬಾವಿಗಳಿಗೆ ಮೀಟರ್ ಇಲ್ಲದ ಕಡೆ ಇದು ದೊಡ್ಡ ಸಹಾಯ. ಆ ರಾಜ್ಯದ 2014ರ ಅಂತರ್ಜಲ ಕಾಯ್ದೆ, ಪಂಪಿಂಗ್‌ನಿಂದ ನದಿಗೆ ಆಗುವ ನಷ್ಟವನ್ನೂ ತಪ್ಪಿಸಬೇಕಾದ ಹಾನಿಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗಾಗಿ ಇಂಥ ಮಾಡೆಲ್‌ಗಳು ಅಲ್ಲಿ ಕಾಯ್ದೆ ಪಾಲಿಸಲು ಬೇಕಾದ ಸಾಧನಗಳೇ ಆಗಿವೆ.

ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಮಾಡೆಲ್‌ಗಳು

ಹೈಡ್ರೋಜಿಯೋಸ್ಫಿಯರ್ ಮತ್ತು ಪಾರ್‌ಫ್ಲೋ ಈ ಸಾಲಿನವು. ನೆಲದ ಮೇಲಿನ ನೀರು, ಮಣ್ಣಿನ ತೇವ, ಅಂತರ್ಜಲ ಮೂರನ್ನೂ ಒಂದೇ ಸಲಕ್ಕೆ ಬಿಡಿಸುತ್ತವೆ. ನದಿ ಎಲ್ಲಿ ಹರಿಯಬೇಕು ಅಂತ ಗೆರೆ ಎಳೆಯುವ ಅಗತ್ಯವೇ ಇಲ್ಲ, ನೀರು ತಗ್ಗಿನಲ್ಲಿ ತಾನೇ ಸೇರಿ ಹರಿಯುತ್ತದೆ. ನೋಡಲು ನಿಜಕ್ಕೂ ಸೊಗಸು. ಪಾರ್‌ಫ್ಲೋ ಉಚಿತ, ಸಾವಿರಾರು ಪ್ರೊಸೆಸರ್‌ಗಳ ಮೇಲೆ ಓಡಿಸಬಹುದು. ಹೈಡ್ರೋಜಿಯೋಸ್ಫಿಯರ್‌ಗೆ ಪರವಾನಗಿ ಬೇಕು. ಡೆನ್ಮಾರ್ಕಿನ ಡಿಎಚ್‌ಐ ಸಂಸ್ಥೆಯ ಮೈಕ್ ಷಿ ಕೂಡ ಪರವಾನಗಿಯದೇ. ಇದು ನದಿಯ ಗೇಟು, ಬ್ಯಾರೇಜು, ಪ್ರವಾಹದ ಅಲೆ ಇವುಗಳನ್ನೆಲ್ಲ ಒಂದು ನದಿ ಮಾಡೆಲ್‌ಗೆ ಬಿಟ್ಟು ನೆಲದ ಭಾಗವನ್ನು ತಾನು ನೋಡಿಕೊಳ್ಳುತ್ತದೆ. ಅಣೆಕಟ್ಟಿನಿಂದ ಗಂಟೆಗಂಟೆಗೆ ಬಿಡುವ ನೀರು ದಡದೊಳಕ್ಕೆ ಹೋಗಿ ವಾಪಸ್ ಬರುವುದನ್ನು ನೋಡಬೇಕಿದ್ದರೆ ಇದು ಒಳ್ಳೆಯ ಆಯ್ಕೆ.

ಆದರೆ ಬೆಲೆ ಕೇಳಿ. ಲೈಸೆನ್ಸ್‌ನ ಹಣಕ್ಕಿಂತ ದೊಡ್ಡದು ಮಾಹಿತಿಯ ಬೆಲೆ. ಮಣ್ಣಿನ ಪ್ರತಿ ಪದರ ಒಣಗುತ್ತಾ ಹೋದಂತೆ ನೀರು ಹೇಗೆ ಸಾಗುತ್ತದೆ ಎಂಬ ವಕ್ರರೇಖೆ ಬೇಕು. ಮೇಲ್ಭಾಗದ ಪದರಗಳು ಕೆಲವು ಸೆಂಟಿಮೀಟರ್‌ನಷ್ಟು ತೆಳುವಾಗಿರಬೇಕು. ಒಂದು ಸಲ ಓಡಿಸಲು ದಿನಗಳೇ ಹಿಡಿದರೆ, ನೂರಾರು ಸಲ ಓಡಿಸಿ "ಉತ್ತರ ಎಷ್ಟು ಹಿಂದೆಮುಂದೆ ಆಗಬಹುದು" ಅಂತ ನೋಡುವುದಕ್ಕೆ ಅವಕಾಶವೇ ಇರುವುದಿಲ್ಲ. ನೀರಿನ ನಿರ್ವಹಣೆಗೆ ಆ ಹಿಂದೆಮುಂದೆಯೇ ಮುಖ್ಯ. ಹಾಗಾಗಿ ಸಂಶೋಧನೆಗೆ, ಜೌಗು ಪ್ರದೇಶದಂಥ ಸೂಕ್ಷ್ಮ ಜಾಗಕ್ಕೆ ಇವು ಸರಿ. ವರ್ಷವರ್ಷ ಹಂಚಿಕೆ ತೀರ್ಮಾನಿಸಲು ಭಾರ.

ಇನ್ನೊಂದು ತುದಿಯಲ್ಲಿ ವೀಪ್ ಇದೆ. ಯಾರಿಗೆ ಮೊದಲು ನೀರು, ಯಾರಿಗೆ ಆಮೇಲೆ ಎಂಬ ಹಂಚಿಕೆಯ ಲೆಕ್ಕಕ್ಕೆ ಚೆನ್ನ, ಸಭೆಯಲ್ಲಿ ಎಲ್ಲರೆದುರು ಕೂತು ಓಡಿಸಬಹುದು. ಅಂತರ್ಜಲಕ್ಕೆ ಬೇಕಾದರೆ ಮಾಡ್‌ಫ್ಲೋ ಜೊತೆ ಜೋಡಿಸಿಕೊಳ್ಳಬಹುದು. ಮಷಿನ್ ಲರ್ನಿಂಗ್ ಬಗ್ಗೆಯೂ ಕೇಳುತ್ತಾರೆ. ಮುಂದಿನ ವಾರದ ಹರಿವು ಊಹಿಸಲು ಚೆನ್ನಾಗಿಯೇ ಆಗುತ್ತದೆ. ಹಿಂದೆಂದೂ ಇಲ್ಲದಷ್ಟು ಬಾವಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಅದೊಂದನ್ನೇ ನಂಬಬೇಡಿ. ಅಂಥದ್ದನ್ನು ಅದು ನೋಡಿಯೇ ಇರುವುದಿಲ್ಲ.

ಅಳತೆ ಇಲ್ಲದಿದ್ದರೆ ಯಾವುದೂ ಬೇಡ

ಬಾವಿಗಳ ನೀರಿನ ಮಟ್ಟಕ್ಕೆ ಮಾತ್ರ ಹೊಂದಿಸಿದ ಮಾಡೆಲ್ ನದಿಯ ವಿಷಯದಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ಯಾಕೆ ಅಂದರೆ, ಮಳೆಯಿಂದ ಇಂಗುವುದನ್ನು ಎರಡರಷ್ಟು ಮಾಡಿ, ನೆಲದೊಳಗೆ ಮತ್ತು ನದಿಯ ತಳದಲ್ಲಿ ನೀರು ಸಾಗುವ ಗುಣಾಂಕಗಳನ್ನೂ ಎರಡರಷ್ಟು ಮಾಡಿದರೆ, ಮಟ್ಟಗಳು ಬಹುತೇಕ ಹಾಗೇ ಇರುತ್ತವೆ. ನದಿಗೆ ಬರುವ ನೀರು ಮಾತ್ರ ಎರಡರಷ್ಟಾಗುತ್ತದೆ! ಮಟ್ಟಗಳನ್ನು ನೋಡಿ ಇವೆರಡರಲ್ಲಿ ಯಾವುದು ಸರಿ ಅಂತ ಹೇಳಲು ಆಗುವುದೇ ಇಲ್ಲ. ಪೆಸ್ಟ್‌ನಂಥ ಹೊಂದಿಸುವ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ಮಾಹಿತಿಯನ್ನು ಅದು ಹುಟ್ಟಿಸುವುದಿಲ್ಲ.

ಹಾಗಾಗಿ ಹರಿವಿನ ಅಳತೆ ಬೇಕೇ ಬೇಕು. ಸುಲಭದ ದಾರಿ: ನದಿಯ ಎರಡು ಜಾಗದಲ್ಲಿ ಒಂದೇ ದಿನ ಹರಿವು ಅಳೆದು ವ್ಯತ್ಯಾಸ ನೋಡುವುದು. ಇದನ್ನು ಕಡಿಮೆ ನೀರಿರುವಾಗಲೇ ಮಾಡಿ. ಸೆಕೆಂಡಿಗೆ 20 ಘನ ಮೀಟರ್ ಹರಿಯುತ್ತಿರುವಾಗ ಅಳತೆಯಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆ ಅಂದರೆ ಅದೇ 1 ಘನ ಮೀಟರ್. ಆ ಎರಡು ಜಾಗದ ನಡುವೆ ಇಂಗಿದ 0.3 ಘನ ಮೀಟರ್ ಅದರಲ್ಲಿ ಕಾಣುವುದೇ ಇಲ್ಲ. ಹರಿವು 2ಕ್ಕೆ ಇಳಿದಾಗ ಹೆಚ್ಚುಕಡಿಮೆ 0.1, ಆಗ 0.3 ಎದ್ದು ಕಾಣುತ್ತದೆ. ತಳದ ಮರಳಿನಲ್ಲಿ ಬೇರೆ ಬೇರೆ ಆಳದಲ್ಲಿ ತಾಪಮಾನ ಅಳೆದರೂ ನೀರು ಮೇಲೆ ಬರುತ್ತಿದೆಯೋ ಕೆಳಗಿಳಿಯುತ್ತಿದೆಯೋ ತಿಳಿಯುತ್ತದೆ. ಕಲ್ಲು ಮಣ್ಣಿನಿಂದ ಅಂತರ್ಜಲಕ್ಕೆ ಸೇರುವ ರೇಡಾನ್ ಅನಿಲ ನದಿಯ ನೀರಿನಲ್ಲಿ ಇದ್ದಕ್ಕಿದ್ದಂತೆ ಜಾಸ್ತಿಯಾದ ಕಡೆ ಅಂತರ್ಜಲ ಬಂದು ಸೇರುತ್ತಿದೆ ಅಂತ ಅರ್ಥ.

ಮಾಡೆಲ್‌ನ ಅಂಚುಗಳನ್ನೂ ಒಮ್ಮೆ ನೋಡಿ. ಅಂಚಿನಲ್ಲಿ ಬದಲಾಗದ ನೀರಿನ ಮಟ್ಟ ಕೊಟ್ಟಿದ್ದರೆ, ಪಂಪಿಂಗ್ ಹೆಚ್ಚಿಸಿದಂತೆ ಆ ಅಂಚಿನಿಂದ ಎಷ್ಟು ನೀರು ಬೇಕಾದರೂ ಸುಮ್ನೆ ಒಳಗೆ ಬರುತ್ತದೆ, ನದಿಯ ನಷ್ಟ ಕಡಿಮೆ ಕಾಣುತ್ತದೆ. ಬೇರೆಯವರು ಮಾಡಿದ ಮಾಡೆಲ್ ಕೈಗೆ ಬಂದರೆ ನಾನು ಮೊದಲು ತೆರೆಯುವುದು ನೀರಿನ ಜಮಾಖರ್ಚಿನ ಕಡತವನ್ನೇ, ಬಣ್ಣದ ನಕ್ಷೆಗಳನ್ನಲ್ಲ.

ಇವೆಲ್ಲ ಬರೀ ತಾಂತ್ರಿಕ ವಿಷಯ ಅಂತ ಅನಿಸಿದರೆ ಅಮೆರಿಕದ ರಿಪಬ್ಲಿಕನ್ ನದಿಯ ಪ್ರಕರಣ ನೋಡಿ. ಆ ನದಿಯ ನೀರನ್ನು ಕೊಲೊರಾಡೊ, ನೆಬ್ರಾಸ್ಕಾ, ಕ್ಯಾನ್ಸಸ್ ರಾಜ್ಯಗಳು 1943ರ ಒಪ್ಪಂದದಂತೆ ಹಂಚಿಕೊಳ್ಳುತ್ತವೆ. ಬಾವಿಗಳು ಹೆಚ್ಚಿ ಜಗಳವಾಗಿ, 1998ರಲ್ಲಿ ಕ್ಯಾನ್ಸಸ್ ಸುಪ್ರೀಂ ಕೋರ್ಟಿಗೆ ಹೋಯಿತು. ಆಮೇಲಿನ ರಾಜಿಯಂತೆ ಮೂರೂ ರಾಜ್ಯಗಳು ಸೇರಿ ಒಂದು ಅಂತರ್ಜಲ ಮಾಡೆಲ್ ಕಟ್ಟಿ, ಯಾರ ಬಾವಿಗಳಿಂದ ನದಿಗೆ ಎಷ್ಟು ನಷ್ಟ ಅಂತ ಅದರಿಂದಲೇ ಲೆಕ್ಕ ಹಾಕಲು ಒಪ್ಪಿದವು. ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ಪ್ಲಾಟ್ ನದಿಯಿಂದ ಬಂದು ನೆಲದಲ್ಲಿ ಇಂಗಿದ ನೀರನ್ನೂ ಲೆಕ್ಕದ ವಿಧಾನ ನೆಬ್ರಾಸ್ಕಾದ ಖಾತೆಗೆ ಖರ್ಚು ಬರೆಯುತ್ತಿತ್ತು. 2015ರಲ್ಲಿ ಕೋರ್ಟ್ ಆ ವಿಧಾನವನ್ನು ತಿದ್ದಿಸಿತು. ಹೆಚ್ಚು ನೀರು ಬಳಸಿದ್ದಕ್ಕೆ ಕ್ಯಾನ್ಸಸ್‌ಗೆ ಹಣ ಕೊಡುವಂತೆ ನೆಬ್ರಾಸ್ಕಾಗೂ ಹೇಳಿತು. ಮೂರು ರಾಜ್ಯಗಳ ತಜ್ಞರು ಒಂದೇ ಮಾಡೆಲನ್ನು ತೆರೆದು, ಓಡಿಸಿ, ಪ್ರಶ್ನಿಸಲು ಆಗಿದ್ದರಿಂದಲೇ ಆ ತಪ್ಪು ಹೊರಗೆ ಬಂತು.

ಅದಕ್ಕೇ ಉಚಿತ, ತೆರೆದ ಕೋಡ್ ಇರುವ ಮಾಡೆಲ್ ಕಡೆ ನನ್ನ ಒಲವು ಜಾಸ್ತಿ. ಯಾರಿಂದ ಮಾಡಿಸಿದರೂ ವರದಿಯೊಂದನ್ನೇ ತೆಗೆದುಕೊಂಡು ಬಿಡಬೇಡಿ. ಇನ್‌ಪುಟ್ ಕಡತಗಳು, ಸ್ಕ್ರಿಪ್ಟ್‌ಗಳು, ಯಾವ ಆವೃತ್ತಿಯ ಸಾಫ್ಟ್‌ವೇರ್, ಅಳತೆಯ ಮೂಲ ಅಂಕಿಗಳು, ಎಲ್ಲವನ್ನೂ ಕೊಡಬೇಕು ಅಂತ ಕರಾರಿನಲ್ಲೇ ಬರೆಸಿ. ಹಣ ಪೂರ್ತಿ ಕೊಡುವ ಮೊದಲು ನಿಮ್ಮವರೇ ಒಬ್ಬರು ಅದನ್ನು ತಮ್ಮ ಕಂಪ್ಯೂಟರ್‌ನಲ್ಲಿ ಓಡಿಸಿ, ವರದಿಯಲ್ಲಿರುವ ಅಂಕಿಗಳೇ ಬರುತ್ತವಾ ಅಂತ ನೋಡಲಿ.